ಮಂಜಪ್ಪೈ ಮರೆಯಾದ ಮೇಲೆ

ತಮಿಳುನಾಡಿನ ಮೊರಪ್ಪೂರಿನ ನಮ್ಮಂಥ ಕನ್ನಡದ ಮನೆಗಳಲ್ಲೂ ಮದುವೆಯೂಟ ಮುಗಿಸಿ ಹೊರಟವರ ಕೈಗೆ ಮಂಜಪ್ಪೈ ಕೊಡುತ್ತಿದ್ದರು. ಹಳದಿ ಹತ್ತಿಬಟ್ಟೆಯ ಚೀಲ. ಮೇಲೆ ಹೆಣ್ಣು-ಗಂಡಿನ ಹೆಸರು, ಒಳಗೆ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ. ಆಮೇಲೆ ಅಮ್ಮ ಅದನ್ನೇ ಹಿಡಿದು ಸಂತೆಗೆ ಹೋಗಿ ರಾಗಿ, ಹುಣಸೆಹಣ್ಣು ತರುತ್ತಿದ್ದಳು. ಅಚ್ಚು ಅಳಿಸಿ ಹೊಲಿಗೆ ಬಿಟ್ಟ ಚೀಲ ಕೊನೆಗೆ ಮಸಿಬಟ್ಟೆಯಾಗಿ ಒಲೆಯ ಪಕ್ಕ ಸೇರುತ್ತಿತ್ತು.

1906ರಲ್ಲಿ ಇಲ್ಲಿಂದ ಧರ್ಮಪುರಿಗೆ ಕಿರುಹಳಿ ರೈಲು ಶುರುವಾಯಿತು, 1941ರಲ್ಲಿ ನಿಂತುಹೋಯಿತು. ಆ ಕಾಲದ ಸರಕು ಗೋಣಿ, ಬುಟ್ಟಿ, ಮಡಕೆಗಳಲ್ಲೇ ಸಾಗುತ್ತಿತ್ತು. ಪಾಲಿಥೀನ್ ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಮೊದಲು ಕಂಡದ್ದೇ 1933ರಲ್ಲಿ.

ನಮ್ಮಲ್ಲಿಗೆ ಅದು ‘ಕವರು’ ಆಗಿ ಬಂತು. ಮಂಜಪ್ಪೈ ಹಿಡಿದವನನ್ನು ಹಳ್ಳಿಗನೆಂದು ಪೇಟೆಯವರು ನಗುತ್ತಿದ್ದರು. ಆ ನಾಚಿಕೆಗೇ ನಮ್ಮ ಗಂಡಸರು ಬರಿಗೈಲಿ ಹೊರಡಲು ಕಲಿತರು. ಕುದಿಯುವ ಸಾಂಬಾರು, ಬಿಸಿ ಟೀ ಕೂಡ ಕವರಿಗಿಳಿದು, ಬಾಯಿಗೆ ದಾರ ಸುತ್ತಿಸಿಕೊಂಡು ಮನೆಗೆ ಬಂದವು. ತಮಿಳುನಾಡು ಸರ್ಕಾರ 2019ರ ಜನವರಿ 1ರಿಂದ ಇಂಥವನ್ನು ನಿಷೇಧಿಸಿತು. 2021ರ ಡಿಸೆಂಬರಿನಲ್ಲಿ ‘ಮೀಂಡುಂ ಮಂಜಪ್ಪೈ’ ಎಂದು ಹಳೆಯ ಚೀಲವನ್ನೇ ಮತ್ತೆ ಕರೆಯಿತು. ಕರೆದದ್ದು ಒಳ್ಳೆಯದೇ ಆಯಿತು. ಆದರೆ ಕವರು ಅಷ್ಟು ಹೊತ್ತಿಗೆ ಎಲ್ಲೆಲ್ಲಿ ಹೊಕ್ಕಿತ್ತೆಂಬುದು ಆಮೇಲೆ ತಿಳಿಯಿತು.

2024ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದವರು 23 ಗಂಡಸರ, 47 ನಾಯಿಗಳ ವೃಷಣಗಳನ್ನು ಪರೀಕ್ಷಿಸಿದರು. ಒಂದನ್ನೂ ಬಿಡದಂತೆ ಎಲ್ಲದರಲ್ಲೂ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣಗಳಿದ್ದವು. ಮನುಷ್ಯರಲ್ಲಿ ನಾಯಿಗಳಿಗಿಂತ ಸುಮಾರು ಮೂರು ಪಟ್ಟು. ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಕವರಿನದೇ ವಸ್ತು, ಪಾಲಿಥೀನ್. ಪಿವಿಸಿ ಎಂಬ ಇನ್ನೊಂದು ಪ್ಲಾಸ್ಟಿಕ್ ಹೆಚ್ಚಿದ್ದ ನಾಯಿಗಳಲ್ಲಿ ವೀರ್ಯಾಣು ಕಡಿಮೆ ಇತ್ತು. ಗಂಡಸರ ಮಾದರಿಗಳು ಬಹುಕಾಲ ರಾಸಾಯನಿಕದಲ್ಲಿ ಇಟ್ಟಂಥವು, ಅವುಗಳಲ್ಲಿ ವೀರ್ಯಾಣು ಎಣಿಸಲಾಗಲಿಲ್ಲ. ಹಾಗಾಗಿ ಮನುಷ್ಯರಲ್ಲಿ ವೀರ್ಯಾಣು ಕಡಿಮೆಯಾಗಲು ಪ್ಲಾಸ್ಟಿಕ್ಕೇ ಕಾರಣವೆಂದು ಇನ್ನೂ ರುಜುವಾಗಿಲ್ಲ. ಇಲಿಗಳಿಗೆ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಕಣ ತಿನ್ನಿಸಿದ ಪ್ರಯೋಗಗಳಲ್ಲಂತೂ ವೀರ್ಯಾಣುವೂ ಟೆಸ್ಟೋಸ್ಟೆರಾನೂ ಇಳಿದಿವೆ. ರುಜುವಾತಿಗೆ ಕಾಯುತ್ತಾ ಬಿಸಿ ಸಾಂಬಾರನ್ನು ಕವರಿನಲ್ಲಿ ತರಬೇಕಾಗಿಲ್ಲ, ಮುಚ್ಚಳದ ಸ್ಟೀಲ್ ಪಾತ್ರೆ ಎಲ್ಲರ ಮನೆಯಲ್ಲೂ ಇದೆ.

ನನಗೆ ಇದಕ್ಕಿಂತ ಹೆಚ್ಚು ನೋವು ಕೊಡುವುದು, ಕೊರತೆ ಗಂಡಸಿನಲ್ಲೂ ಇರಬಹುದೆಂಬುದನ್ನೇ ಮರೆತ ಇನ್ನೊಂದು ರೂಢಿ. ಮದುವೆಯಾಗಿ ವರ್ಷ ತುಂಬುವಷ್ಟರಲ್ಲಿ “ಏನವ್ವಾ, ಏನಾದ್ರೂ ವಿಶೇಷವಾ?” ಎಂದು ಕೇಳುವುದು ಸೊಸೆಯನ್ನು. ಮಕ್ಕಳಾಗದಿದ್ದರೆ ಹರಕೆ ಅವಳದು, ಉಪವಾಸ ಅವಳದು, ಸ್ಕ್ಯಾನೂ ಅವಳದೇ. ನನ್ನ ಅತ್ತಿಗೆ ಸೇಲಂ ಬಸ್ಸು ಹತ್ತಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಳು. ಅಣ್ಣ ಮಾಡಿಸಬೇಕಿದ್ದದ್ದು ಒಂದು ವೀರ್ಯ ಪರೀಕ್ಷೆ, ಸೂಜಿಯಿಲ್ಲ, ಕೊಯ್ತವಿಲ್ಲ. ಊರವರಿಗೆ ಗೊತ್ತಾದರೆ ಮರ್ಯಾದೆ ಹೋಗುತ್ತದೆಂದು ಅವನು ಒಪ್ಪಲೇ ಇಲ್ಲ, ಅಪ್ಪನೂ ಒತ್ತಾಯಿಸಲಿಲ್ಲ. ಈಗ ಅಣ್ಣನ ಮಗ್ಗುಲ ಮನೆಯ ಹುಡುಗ ಮದುವೆಯಾದ ಎರಡನೇ ವರ್ಷಕ್ಕೆ ಹೆಂಡತಿಯ ಜೊತೆ ತಾನೂ ಚೀಟಿ ಮಾಡಿಸಿಕೊಂಡು ಡಾಕ್ಟರ ಎದುರು ಕೂತಿದ್ದಾನೆ.