ನಡೆದು ಗೆದ್ದವರು

ರೋಸಾ ಪಾರ್ಕ್ಸ್ ಕೆಲಸ ಮಾಡಿ ದಣಿದಿದ್ದರು, ಅದಕ್ಕೇ ಬಸ್ಸಿನ ಸೀಟು ಬಿಟ್ಟು ಏಳಲಿಲ್ಲ ಅಂತ ಕತೆ ಹೇಳ್ತಾರೆ. ಕೇಳೋದಕ್ಕೆ ಚೆಂದ. ಆದರೆ ಒಳಗೊಂದು ಮೋಸವಿದೆ. ತುಳಿಸಿಕೊಂಡವರಿಗೆ ಕಾಲು ನೋಯುತ್ತೆ, ತಲೆ ಓಡೋದಿಲ್ಲ ಅನ್ನೋ ಮೋಸ. ಮೈ ದಣಿದಿರಲಿಲ್ಲ ಅಂತ ರೋಸಾ ಅವರೇ ಮುಂದೆ ಹೇಳಿದರು.

ಅಮೆರಿಕದ ದಕ್ಷಿಣದ ಅಲಬಾಮಾ ರಾಜ್ಯ, ಮಾಂಟ್ಗೊಮೆರಿ ಪಟ್ಟಣ. ಬಸ್ಸಿನ ಮುಂದಿನ 10 ಸೀಟು ಬಿಳಿಯರ ಮೀಸಲಾತಿ. ಖಾಲಿ ಇದ್ದರೂ ಕಪ್ಪು ಜನ ಕೂರುವ ಹಾಗಿಲ್ಲ. ಮುಂದಿನ ಬಾಗಿಲಲ್ಲಿ ಕಾಸು ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿಂದ ಹತ್ತಬೇಕು. ಕೆಲವು ಸಲ ಕಾಸು ಇಸ್ಕೊಂಡ ಡ್ರೈವರು ಅವರು ಹತ್ತೋ ಮೊದಲೇ ಬಸ್ಸು ಬಿಟ್ಟುಬಿಡ್ತಿದ್ದ. ಆ ಬಸ್ಸು ಓಡ್ತಿದ್ದದ್ದು ಮಾತ್ರ ಇವರ ಕಾಸಿನಿಂದ. ನಾಲ್ಕು ಪ್ರಯಾಣಿಕರಲ್ಲಿ ಹೆಚ್ಚುಕಡಿಮೆ ಮೂವರು ಕಪ್ಪು ಜನ.

ಈ ಲೆಕ್ಕ ಹೆಂಗಸರಿಗೆ ಗೊತ್ತಿತ್ತು. ಕಪ್ಪು ಹೆಂಗಸರ ರಾಜಕೀಯ ಸಂಘವೊಂದು 1946ರಿಂದಲೇ ಅಲ್ಲಿತ್ತು. ಅದರ ಅಧ್ಯಕ್ಷೆ ಜೋ ಆನ್ ರಾಬಿನ್ಸನ್ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವರು. ಬಸ್ಸು ಬಹಿಷ್ಕರಿಸುವ ಮಾತು ನಡೀತಿದೆ ಅಂತ 1954ರ ಮೇ ತಿಂಗಳಲ್ಲೇ ಮೇಯರಿಗೆ ಕಾಗದ ಬರೆದರು. 1955ರ ಮಾರ್ಚಿನಲ್ಲಿ 15 ವರ್ಷದ ಹುಡುಗಿ ಕ್ಲಾಡೆಟ್ ಕಾಲ್ವಿನ್ ಸೀಟು ಬಿಡದೆ ಜೈಲು ಕಂಡಳು. ಡಿಸೆಂಬರ್ 1ರಂದು ರೋಸಾ ಬಂಧನ. ಆಕೆಯೂ ಹಕ್ಕುಗಳ ಸಂಘಟನೆಯಲ್ಲಿ ವರ್ಷಗಟ್ಟಲೆ ದುಡಿದವರೇ. ಆ ರಾತ್ರಿಯೇ ರಾಬಿನ್ಸನ್ ಕಾಲೇಜಿಗೆ ಹೋದರು. ಜೊತೆಗೆ ಒಬ್ಬ ಸಹೋದ್ಯೋಗಿ, ಇಬ್ಬರು ವಿದ್ಯಾರ್ಥಿಗಳು. ಬೆಳಗಾಗುವಷ್ಟರಲ್ಲಿ ಹತ್ತಾರು ಸಾವಿರ ಕರಪತ್ರ ಸೈಕ್ಲೋಸ್ಟೈಲ್ ಆಗಿದ್ದವು. ಡಿಸೆಂಬರ್ 5, ಸೋಮವಾರ, ಕಪ್ಪು ಜನ ಬಸ್ಸು ಹತ್ತಲಿಲ್ಲ. ಆ ಸಂಜೆ ಚಳವಳಿಯ ನಾಯಕರಾಗಿ ಆರಿಸಿಬಂದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್‌ಗೆ ಆಗ 26 ವರ್ಷ.

ಮನೆಗೆಲಸದವರು, ಅಡುಗೆಯವರು ಮೈಲಿಗಟ್ಟಲೆ ನಡೆದರು. ಉಳಿದವರನ್ನು ಕೆಲಸಕ್ಕೆ ಮುಟ್ಟಿಸಲು ಕಾರುಗಳನ್ನು ಹೊಂದಿಸಿದರು. ಪೆಟ್ರೋಲಿಗೆ ಕಾಸು? ಜಾರ್ಜಿಯಾ ಗಿಲ್ಮೋರ್ ಅನ್ನೋ ಅಡುಗೆಯಾಕೆ ಕೋರ್ಟಿನಲ್ಲಿ ಸಾಕ್ಷಿ ಹೇಳಿ ಕೆಲಸ ಕಳಕೊಂಡರು. ಅವರು ಕಟ್ಟಿದ ಗುಂಪಿನ ಹೆಂಗಸರು ಕೋಳಿ ಕರಿದು, ಕೇಕು ಮಾಡಿ, ಮಾರಿ ದುಡ್ಡು ತಂದರು. ಗುಂಪಿನ ಹೆಸರು 'ಎಲ್ಲಿಯದೂ ಅಲ್ಲದ ಸಂಘ'. ಯಾಕಂದ್ರೆ ಕೊಟ್ಟವರ ಹೆಸರು ಹೊರಬಿದ್ದರೆ ಬಿಳಿ ಒಡೆಯರು ಕೆಲಸದಿಂದ ಕಿತ್ತುಹಾಕುತ್ತಿದ್ದರು.

ಕೋರ್ಟಿಗೆ ಹೋದ ನಾಲ್ವರೂ ಹೆಂಗಸರೇ: ಆರೇಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್, ಮತ್ತೆ ಅದೇ ಹುಡುಗಿ ಕ್ಲಾಡೆಟ್. 1956ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಅವರ ಪರ ನಿಂತಿತು. ಆದೇಶ ಊರಿಗೆ ಮುಟ್ಟುವವರೆಗೂ ಜನ ಬಸ್ಸು ಹತ್ತಲಿಲ್ಲ. ಒಟ್ಟು 381 ದಿನ.

ಮೇಷ್ಟ್ರುಗಳೇ, ಈ ಪಾಠ ಮಾಡುವಾಗ ಕಿಂಗ್ ಹೆಸರು ಹೇಳಿ, ರೋಸಾ ಹೆಸರು ಹೇಳಿ. ರಾತ್ರಿಯಿಡೀ ಕರಪತ್ರ ತೆಗೆದವರನ್ನೂ, ಹೆಸರು ಬಚ್ಚಿಟ್ಟು ಕಾಸು ಕೊಟ್ಟವರನ್ನೂ ಹೇಳಿ. ಹೋರಾಟ ತಾನಾಗಿ ಹುಟ್ಟೋದಿಲ್ಲ, ಯಾರೋ ಕೂತು ಕಟ್ಟಿರ್ತಾರೆ ಅಂತ ಮಕ್ಕಳಿಗೆ ಗೊತ್ತಾಗಲಿ.