ಕುಡಿಯುವ ನೀರಿನ ತೊಟ್ಟಿಗೆ ಬಂದಿಳಿದ ಹಕ್ಕಿಗಳು

ಪಟ್ನಿಗೂ ಹ್ಯಾಮರ್‌ಸ್ಮಿತ್‌ಗೂ ನಡುವೆ ಥೇಮ್ಸ್ ನದಿ ಬಳಸಿ ತಿರುಗುತ್ತದೆ. ಆ ತಿರುವಿನ ಒಳಮೈಯಲ್ಲಿ, ಬಾರ್ನ್ಸ್‌ನ ಮಗ್ಗುಲಲ್ಲಿ, ಲಂಡನ್ ವೆಟ್‌ಲ್ಯಾಂಡ್ ಸೆಂಟರ್ ಇದೆ. ಸುಮಾರು 42 ಹೆಕ್ಟೇರ್ ಜಾಗದಲ್ಲಿ ಕೆರೆ, ಕುಂಟೆ, ಜೊಂಡು, ಕೆಸರುಗದ್ದೆಯಂಥ ಹುಲ್ಲುಗಾವಲು. ಮೊದಲ ಸಲ ನೋಡಿದವರು ಲಂಡನ್ ಬೆಳೆಯುವ ಮುಂಚೆ ಇಲ್ಲೆಲ್ಲ ಹೀಗೇ ಇದ್ದಿರಬೇಕು, ಹೇಗೋ ಇಷ್ಟು ಉಳಿದುಕೊಂಡಿದೆ ಎಂದುಕೊಳ್ಳುತ್ತಾರೆ. ಹಾಗೇನಿಲ್ಲ. ಇದು ಬಾಗಿಲು ತೆರೆದದ್ದು 2000ನೇ ಇಸವಿಯಲ್ಲಿ. ವೈಟುಕೆ ಕಾಲದಲ್ಲಿ ಸೂಟ್‌ಕೇಸ್ ಹಿಡಿದು ಹೀಥ್ರೋದಲ್ಲಿ ಇಳಿದ ನಮ್ಮ ಮಂದಿಯೂ ಈ ಜೊಂಡೂ ಲಂಡನ್ನಿಗೆ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬಂದವು.

ಈ ನೆಲಕ್ಕೆ ಹಳೆಯ ಕತೆಗಳು ಇಲ್ಲವೆಂದಲ್ಲ. ಪಕ್ಕದ ಬಾರ್ನ್ ಎಲ್ಮ್ಸ್ ಬಂಗಲೆಯಲ್ಲಿ ಮೊದಲನೇ ಎಲಿಜಬೆತ್ ರಾಣಿಯ ಗೂಢಚಾರರ ಒಡೆಯ ಫ್ರಾನ್ಸಿಸ್ ವಾಲ್ಸಿಂಗಮ್ ವಾಸವಾಗಿದ್ದ. ರಾಣಿಯೇ ಅಲ್ಲಿಗೆ ಬಂದು ಹೋದದ್ದುಂಟು. ಮುಂದೆ ಅದು ಪುಸ್ತಕ ಪ್ರಕಾಶಕ ಜೇಕಬ್ ಟಾನ್ಸನ್‌ನ ಕೈಸೇರಿ, ಕಿಟ್-ಕ್ಯಾಟ್ ಕ್ಲಬ್ಬಿನ ಸಾಹಿತಿಗಳು, ರಾಜಕಾರಣಿಗಳು ಅಲ್ಲಿ ಸೇರುತ್ತಿದ್ದರು. 1954ರಲ್ಲಿ ಬೆಂಕಿ ಬಿದ್ದು ಮನೆ ಹೋಯಿತು. ಹಕ್ಕಿಗಳ ಕತೆಗೆ ಈ ದೊಡ್ಡ ಮನುಷ್ಯರು ಬೇಡ. ಅದಕ್ಕೆ ಬೇಕಾದದ್ದು ಕಾಲರಾ.

ಹತ್ತೊಂಬತ್ತನೇ ಶತಮಾನದ ಮಧ್ಯದವರೆಗೂ ಲಂಡನ್ನಿನ ನೀರಿನ ಕಂಪನಿಗಳು ಊರಿನ ಚರಂಡಿ ಬಂದು ಬೀಳುತ್ತಿದ್ದ ಥೇಮ್ಸ್‌ನಿಂದಲೇ ನೀರೆತ್ತಿ ಮನೆಮನೆಗೆ ಮಾರುತ್ತಿದ್ದವು. ಉಬ್ಬರದ ಹೊತ್ತಿಗೆ ಕೆಳಗೆ ಹರಿದು ಹೋದ ಕೊಳಕೂ ವಾಪಸ್ ಮೇಲಕ್ಕೆ ಬರುತ್ತಿತ್ತು. 1848-49ರ ಕಾಲರಾಕ್ಕೆ ಸಾವಿರಾರು ಜನ ಸತ್ತರು. 1852ರಲ್ಲಿ ಕಾಯಿದೆ ಬಂತು: ಉಬ್ಬರವಿಳಿತ ಮುಟ್ಟುವ ಕಡೆ, ಅಂದರೆ ಟೆಡಿಂಗ್ಟನ್ ಕಟ್ಟೆಯಿಂದ ಕೆಳಗೆ, ಯಾರೂ ನೀರೆತ್ತಬಾರದು, ಮನೆಗೆ ಕೊಡುವ ನೀರನ್ನು ಸೋಸಿಯೇ ಕೊಡಬೇಕು. ವಿಚಿತ್ರವೆಂದರೆ ಆಗಿನ್ನೂ ದೊಡ್ಡ ದೊಡ್ಡ ವೈದ್ಯರೇ ಕಾಲರಾ ದುರ್ನಾತದಿಂದ ಬರುತ್ತದೆ ಎಂದು ನಂಬಿದ್ದರು. ಕಾಲರಾ ಹರಡುವುದು ನೀರಿನಿಂದ ಎಂದು ವಾದಿಸಿದ ವೈದ್ಯ ಜಾನ್ ಸ್ನೋ, ಸೋಹೋದ ಬ್ರಾಡ್ ಸ್ಟ್ರೀಟಿನ ಪಂಪಿನ ಹಿಡಿ ತೆಗೆಸಿದ್ದು ಎರಡು ವರ್ಷ ತಡವಾಗಿ, 1854ರಲ್ಲಿ. ಕಾರಣ ತಪ್ಪು, ಕಾಯಿದೆ ಸರಿ!

ಕಂಪನಿಗಳು ನದಿಯ ಮೇಲ್ಭಾಗಕ್ಕೆ ಹೋಗಿ ನೀರೆತ್ತತೊಡಗಿದ ಮೇಲೆ ಅದನ್ನು ಕೂಡಿಡಲು, ಸೋಸಲು ಜಾಗ ಬೇಕಾಯಿತು. ಊರು ಬೆಳೆದಂತೆ ತೊಟ್ಟಿಗಳೂ ಬೆಳೆದವು. ವೆಸ್ಟ್ ಮಿಡಲ್‌ಸೆಕ್ಸ್ ಕಂಪನಿ 1890ರ ದಶಕದಲ್ಲಿ ಬಾರ್ನ್ ಎಲ್ಮ್ಸ್‌ನ ಬಯಲಲ್ಲಿ ನಾಲ್ಕು ಭಾರೀ ಜಲಾಶಯಗಳನ್ನು ಕಟ್ಟಿತು.

ಅದೇ ದಶಕದಲ್ಲಿ ನಮ್ಮ ಬೆಂಗಳೂರಿಗೂ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. ಆಮೇಲೆ ಏನಾಯಿತೆಂದು ನಮಗೆ ಗೊತ್ತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕೊಳಾಯಿ ಬಂದ ಮೇಲೆ ಕೆರೆ ಯಾಕೆ ಎಂಬ ಲೆಕ್ಕಾಚಾರ. ಬಾರ್ನ್ ಎಲ್ಮ್ಸ್‌ಗೂ ಇದೇ ಪ್ರಶ್ನೆ ಎದುರಾದದ್ದು ನೂರು ವರ್ಷ ತಡವಾಗಿ. 1990ರ ದಶಕದಲ್ಲಿ ಥೇಮ್ಸ್ ವಾಟರ್ ಲಂಡನ್ನಿನ ಅಡಿಯಲ್ಲಿ ಸುಮಾರು 80 ಕಿ.ಮೀ. ಉದ್ದದ ನೀರಿನ ಸುರಂಗವನ್ನು ಉಂಗುರದಂತೆ ಕೊರೆದು ಮುಗಿಸಿದಾಗ ಈ ನಾಲ್ಕು ತೊಟ್ಟಿಗಳಿಗೆ ಕೆಲಸವಿಲ್ಲದಂತಾಯಿತು.

ಲಂಡನ್ನಿನಲ್ಲಿ, ಅದೂ ನದಿ ದಂಡೆಯಲ್ಲಿ, ಅಷ್ಟು ಖಾಲಿ ಜಾಗ! ಬಿಟ್ಟಾರೆಯೇ? ಆದರೆ ಅದಕ್ಕೂ ಮೊದಲೇ ಸರ್ ಪೀಟರ್ ಸ್ಕಾಟ್ ಈ ಜಾಗದ ಮೇಲೆ ಕಣ್ಣಿಟ್ಟಿದ್ದರು. ದಕ್ಷಿಣ ಧ್ರುವದಿಂದ ಮರಳುವ ಹಾದಿಯಲ್ಲಿ ತೀರಿಕೊಂಡ ಕ್ಯಾಪ್ಟನ್ ಸ್ಕಾಟ್‌ರ ಮಗ. ಹುಡುಗನಿಗೆ ಪ್ರಕೃತಿಯ ರುಚಿ ಹತ್ತಿಸು ಎಂದು ತಂದೆ ಸಾಯುವ ಮುನ್ನ ಹೆಂಡತಿಗೆ ಬರೆದಿದ್ದರು. ಆ ಹುಡುಗ 1946ರಲ್ಲಿ ಸ್ಲಿಂಬ್ರಿಜ್‌ನಲ್ಲಿ ನೀರುಹಕ್ಕಿಗಳಿಗಾಗಿಯೇ ಒಂದು ಸಂಸ್ಥೆ ಕಟ್ಟಿದ. ಜಲಾಶಯಗಳಿಗೆ ಚಳಿಗಾಲದಲ್ಲಿ ಬಾತುಗಳು ಮೊದಲಿನಿಂದಲೂ ಬರುತ್ತಿದ್ದವು. ಅವುಗಳಿಗೆ ಅಲ್ಲೇ ನೆಲೆ ಮಾಡಿಕೊಡಬೇಕೆಂಬುದು ಸ್ಕಾಟ್‌ರ ಕನಸು. 1989ರಲ್ಲಿ ಅವರು ತೀರಿಕೊಂಡರು, ಕೆಲಸ ಮುಂದುವರಿಯಿತು. ಜಾಗದ ಒಂದು ಪಾಲನ್ನು ಮನೆ ಕಟ್ಟುವವರಿಗೆ ಕೊಟ್ಟು, ಆ ಹಣದಿಂದ ಉಳಿದದ್ದನ್ನು ಅಗೆದು ಕೆರೆ ಮಾಡಿದರು. ಪಕ್ಕದ ಬಾರ್ನ್ಸ್ ವಾಟರ್‌ಸೈಡ್ ಬಡಾವಣೆ ಹೀಗೆ ಹುಟ್ಟಿತು. ಇದು ಪ್ರಕೃತಿ ಪ್ರೇಮವೋ ರಿಯಲ್ ಎಸ್ಟೇಟೋ ಎಂದು ಕೇಳುವವರು ಕೇಳಲಿ. ನನ್ನ ಮಟ್ಟಿಗೆ, ಇಡೀ ಜಾಗ ಬಡಾವಣೆಯಾಗದೆ ಉಳಿದದ್ದೇ ಈ ವ್ಯವಹಾರದಿಂದ.

ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರದಲ್ಲಿ ಹೋದರೆ ಸ್ಯಾಂಡ್ ಮಾರ್ಟಿನ್‌ಗಳನ್ನು ನೋಡಬಹುದು. ಬೆನ್ನು ಕಂದು, ಹೊಟ್ಟೆ ಬಿಳಿ, ಎದೆಗೊಂದು ಕಂದು ಪಟ್ಟಿ, ಗುಬ್ಬಿಗಿಂತ ಹಗುರ. ಚಳಿಗಾಲವನ್ನು ಸಹಾರಾ ಮರುಭೂಮಿಯ ದಕ್ಷಿಣದಂಚಿನಲ್ಲಿ ಕಳೆದು, ಮರುಭೂಮಿಯನ್ನೂ ಮೆಡಿಟರೇನಿಯನ್ ಸಮುದ್ರವನ್ನೂ ದಾಟಿ ಬರುತ್ತದೆ. 1960ರ ದಶಕದ ಕೊನೆಯಲ್ಲಿ ಆ ದಕ್ಷಿಣದಂಚಿನಲ್ಲಿ ಬರ ಬಿದ್ದಾಗ ಬ್ರಿಟನ್ನಿನಲ್ಲಿ ಇವುಗಳ ಸಂಖ್ಯೆ ಕುಸಿದುಹೋಗಿತ್ತು. ಹೊಳೆ ದಂಡೆಯ ಮಣ್ಣಿನ ಗೋಡೆಯಲ್ಲಿ ಬಿಲ ತೋಡಿ ಮೊಟ್ಟೆಯಿಡುವ ಹಕ್ಕಿ ಇದು, ಲಂಡನ್ನಿನಲ್ಲಿ ಅಂಥ ದಂಡೆ ಎಲ್ಲಿ? ಹಾಗಾಗಿ ಇಲ್ಲಿ ಸಾಲು ಸಾಲು ತೂತುಗಳಿರುವ ಕೃತಕ ಗೋಡೆಯನ್ನೇ ಕಟ್ಟಿ ಒಳಗೆ ಮರಳು ತುಂಬಿಟ್ಟಿದ್ದಾರೆ. ಎದುರಿನ ಅಡಗುಮನೆಯಲ್ಲಿ ಕೂತರೆ, ಹಕ್ಕಿ ತೂತಿನ ಬಾಯಿಗೆ ಜೋತುಬಿದ್ದು, ಒಳಹೊಕ್ಕು, ಕಾಲಿನಿಂದ ಮರಳನ್ನು ಪುರಪುರನೆ ಹೊರಕ್ಕೆ ಚಿಮ್ಮುವುದು ಬರಿಗಣ್ಣಿಗೇ ಕಾಣುತ್ತದೆ.

ಏಪ್ರಿಲ್ ಕಳೆಯುವುದರೊಳಗೆ ಜೊಂಡಿನಲ್ಲಿ ವಾರ್ಬ್ಲರ್‌ಗಳ ಗಲಾಟೆ ಶುರು. ಕಾಣುವುದು ಕಡಿಮೆ, ಕೇಳುವುದೇ ಹೆಚ್ಚು. ನಮ್ಮ ಟಿಟ್ಟಿಭದ ನೆಂಟ, ತಲೆಯ ಮೇಲೆ ಜುಟ್ಟಿರುವ ಲ್ಯಾಪ್‌ವಿಂಗ್, ಬಯಲಲ್ಲೇ ಮೊಟ್ಟೆಯಿಟ್ಟು ಮೇಲೆ ಹಾದ ಕಾಗೆಗಳನ್ನು ಅಟ್ಟಿಸಿಕೊಂಡು ಹೋಗುತ್ತದೆ. ನೀರಲ್ಲಿ ನಾಮದ ಕೋಳಿಗಳ ಜಗಳ. ಮೇ ತಿಂಗಳಲ್ಲಿ ಕಪ್ಪೆಗಳು ವಟಗುಟ್ಟುವ ಸದ್ದಿಗೆ ಮಲೆನಾಡಿನವರಿಗೆ ಮಳೆಗಾಲವೇ ನೆನಪಾದೀತು. ಮೇಲೆ ಕಿರಿಚಿಕೊಂಡು ಹೋಗುವ ಹಸಿರು ಗಿಣಿಗಳಂತೂ ವಲಸೆ ಹಕ್ಕಿಗಳಲ್ಲ, ಪಂಜರದಿಂದ ತಪ್ಪಿಸಿಕೊಂಡವುಗಳ ಸಂತಾನ. ನಮ್ಮ ಕಡೆಯವೇ, ಪಿಆರ್ ಸಿಕ್ಕಿದೆ.

ಮಕ್ಕಳಿಗೆ ದೂರದರ್ಶಕದ ತಾಳ್ಮೆ ಇರುವುದಿಲ್ಲ. ಅವರನ್ನು ಕುಂಟೆಯ ಹತ್ತಿರ ಕರೆದೊಯ್ಯಿರಿ. ರಜೆಯ ದಿನಗಳಲ್ಲಿ ಅಲ್ಲಿ ಕೈಬಲೆಯನ್ನೂ ಬಿಳಿ ಟ್ರೇಯನ್ನೂ ಕೊಡುತ್ತಾರೆ. ಬಲೆಯನ್ನು ಎಂಟರ ಆಕಾರದಲ್ಲಿ ನಿಧಾನವಾಗಿ ಆಡಿಸಿ, ಸಿಕ್ಕಿದ್ದನ್ನು ಟ್ರೇಗೆ ಮಗುಚಿದರೆ ಮೊದಲಿಗೆ ಬರೀ ರಾಡಿ. ರಾಡಿ ತಿಳಿಯಾದ ಮೇಲೆ ಅಂಗಾತ ಈಜುವ ಹುಳ, ಕಡ್ಡಿಚೂರುಗಳನ್ನೇ ಅಂಗಿ ಮಾಡಿಕೊಂಡ ಮರಿಹುಳ, ಅದೃಷ್ಟವಿದ್ದರೆ ಹಲ್ಲಿಯಂಥ ನ್ಯೂಟ್. ನೋಡಿ ಮತ್ತೆ ಅದೇ ನೀರಿಗೆ ಬಿಡಬೇಕು. ನೀರುನಾಯಿಗಳಿಗೆ ಊಟ ಹಾಕುವ ಹೊತ್ತನ್ನೂ ಬಾಗಿಲಲ್ಲೇ ಕೇಳಿಟ್ಟುಕೊಳ್ಳಿ. ಇವು ಏಷ್ಯಾದ ಚಿಕ್ಕ ಜಾತಿಯವು, ಕೊಡಗಿನ ಹಳ್ಳಗಳಲ್ಲೂ ಇವೆ. ಅಲ್ಲಿ ಕಾಣಸಿಗದ್ದು ಇಲ್ಲಿ ಗಾಜಿನಾಚೆ ಮೀನು ಕಚ್ಚಿ ನಿಂತಿರುತ್ತದೆ. ಬಾತುಗಳಿಗೆ ಬ್ರೆಡ್ ಹಾಕಬೇಡಿ, ಅಜ್ಜಿಯರಿಗೂ ಮೊದಲೇ ಹೇಳಿಡಿ.

ಹ್ಯಾಮರ್‌ಸ್ಮಿತ್ ಕಡೆಯಿಂದ ಬರುವವರಿಗೆ ಒಂದು ಮಾತು: ಅಲ್ಲಿನ ಸೇತುವೆ 2019ರಿಂದ ಕಾರು ಬಸ್ಸುಗಳಿಗೆ ಬಂದ್ ಆಗಿದೆ, ನಡೆದು ದಾಟಬಹುದು. ಇನ್ನು ಯಾವಾಗ ಬರಬೇಕೆಂದರೆ, ವಲಸೆ ಹಕ್ಕಿಗಳಲ್ಲಿ ಕೊನೆಕೊನೆಗೆ, ಮೇ ಮೊದಲ ವಾರದ ಆಚೀಚೆ, ಸ್ವಿಫ್ಟ್‌ಗಳು ಬರುತ್ತವೆ. ಬೇಸಿಗೆ ರಜೆ ಬರಲಿ, ನಿಧಾನವಾಗಿ ನೋಡೋಣ ಎಂದು ಕೂತರೆ ಆಗುವುದಿಲ್ಲ. ಆಗಸ್ಟ್ ಬರುವಷ್ಟರಲ್ಲಿ ಅವು ಮತ್ತೆ ಆಫ್ರಿಕದ ದಾರಿ ಹಿಡಿದಿರುತ್ತವೆ. ಮೇ ಕೊನೆಯ ಹಾಫ್ ಟರ್ಮ್ ರಜೆಯೇ ಸರಿಯಾದ ಸಮಯ.