ಇಲಿ ಕಡಿದ ವೈರು, ಯೆಜ್ಡಿಯ ಕಿಡಿ

ಅಪ್ಪನ ಯೆಜ್ಡಿಯನ್ನು ಎರಡು ತಿಂಗಳು ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿದ್ದು ನನ್ನದೇ ತಪ್ಪು. ಅಷ್ಟರಲ್ಲಿ ಇಲಿ ಪ್ಲಗ್ಗಿನ ವೈರನ್ನು ಕಡಿದಿತ್ತು. ಮೇಲೆ ಇನ್ಸುಲೇಷನ್ ಟೇಪು ಸುತ್ತಿ ಕಿಕ್ ಹೊಡೆದೆ. ಒಮ್ಮೆ ಹೊತ್ತಿಕೊಂಡಿತು, ಮಿಸ್ಸಿಂಗ್ ಹೊಡೆಯಿತು, ನಿಂತಿತು. ಕಾಯಿಲೇ ಹೋಗಿದೆ ಅಂದುಕೊಂಡು ಪೇಟೆಯಿಂದ ಹೊಸದೊಂದು ತಂದು ಹಾಕಿದೆ. ಆಗಲೂ ಅಷ್ಟೆ. ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ರೇಟು ಹೇಳಿ ಹೋದ. ಮನೆಯಲ್ಲೂ ಕೊಟ್ಟುಬಿಡು ಅಂದರು.

ಕೊಡುವ ಮುಂಚೆ ಒಂದು ಸಲ ಅಂತ, ಅಪ್ಪನ ಕಾಲದಿಂದ ಗಾಡಿ ನೋಡುತ್ತಿದ್ದ ಮೆಕ್ಯಾನಿಕ್ ಮಾವನ ಹತ್ತಿರ ಲಗೇಜ್ ಆಟೋದಲ್ಲಿ ಹಾಕಿಕೊಂಡು ಹೋದೆ. ಅವರು ನಾನು ತಂದ ಕಾಯಿಲನ್ನು ತಿರುಗಿಸಿ ನೋಡಿ ನಕ್ಕರು. "ಇದು ಹನ್ನೆರಡು ವೋಲ್ಟಿಂದು ಕಣಪ್ಪ. ನಿಮ್ಮಪ್ಪನ ಗಾಡಿ ಆರು ವೋಲ್ಟು. ಕಿಡಿ ಎಲ್ಲಿಂದ ಬರ್ಬೇಕು?"

ಆ ಮಾತಿನ ಹಿಂದೆ ಸುಮಾರು ಎರಡು ಶತಮಾನಗಳ ಕಥೆ ಇದೆ.

1831ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ, ಒಂದು ತಂತಿಸುರುಳಿಯ ಕರೆಂಟು ಬದಲಾದಾಗ ಪಕ್ಕದ ಸುರುಳಿಯಲ್ಲೂ ಕರೆಂಟು ಹುಟ್ಟುತ್ತದೆ ಎಂದು ತೋರಿಸಿಕೊಟ್ಟ. 1836ರಲ್ಲಿ ಐರ್ಲೆಂಡಿನ ಮೇನೂತ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಪಾದ್ರಿ ನಿಕೋಲಸ್ ಕ್ಯಾಲನ್, ಕಬ್ಬಿಣದ ತಿರುಳಿನ ಮೇಲೆ ದಪ್ಪ ತಂತಿಯ ಸುತ್ತು, ಅದರ ಜೊತೆಗೆ ತೆಳು ತಂತಿಯ ಉದ್ದನೆಯ ಸುತ್ತು ಹಾಕಿ ಕಾಯಿಲ್ ಮಾಡಿದ. ದಪ್ಪ ತಂತಿಯ ಕರೆಂಟನ್ನು ತಟ್ಟನೆ ಕಡಿದರೆ ತೆಳು ತಂತಿಯಲ್ಲಿ ಭಾರಿ ವೋಲ್ಟೇಜು ಏಳುತ್ತಿತ್ತು. ಪ್ಯಾರಿಸ್ಸಿನಲ್ಲಿ ವರ್ಕ್‌ಶಾಪ್ ಇಟ್ಟುಕೊಂಡಿದ್ದ ಜರ್ಮನಿ ಮೂಲದ ಕುಶಲಕರ್ಮಿ ಹೈನ್ರಿಕ್ ರುಮ್‌ಕೋರ್ಫ್ 1850ರ ದಶಕದಲ್ಲಿ ಇದನ್ನು ಎಲ್ಲಿಗೆ ಬೇಕಾದರೂ ಕಳಿಸಬಹುದಾದ ಗಟ್ಟಿ ಉಪಕರಣ ಮಾಡಿದ. ಪದರ ಪದರಕ್ಕೂ ಇನ್ಸುಲೇಷನ್ ಚೆನ್ನಾಗಿ ಕೂರಿಸಿ ಕಿಲೋಮೀಟರ್‌ಗಟ್ಟಲೆ ತಂತಿ ಸುತ್ತಿದ್ದೇ ಅವನ ಕೈಚಳಕ. 1853ರಲ್ಲಿ ಫಿಜೋ ಎಂಬ ವಿಜ್ಞಾನಿ, ಕರೆಂಟು ಕಡಿಯುವ ಜಾಗಕ್ಕೆ ಕಂಡೆನ್ಸರ್ ಜೋಡಿಸಿದರೆ ಅಲ್ಲಿ ಕಿಡಿ ಹಾರಿ ಶಕ್ತಿ ಪೋಲಾಗುವುದು ಕಡಿಮೆಯಾಗುತ್ತದೆ ಎಂದು ಸೂಚಿಸಿದ. ಇವತ್ತಿಗೂ ಪಾಯಿಂಟಿನ ಗಾಡಿಗಳಲ್ಲಿ ಕಂಡೆನ್ಸರ್ ಇರುವುದು ಅದೇ ಕೆಲಸಕ್ಕೆ.

1860ರಲ್ಲಿ ಲೆನ್ವಾರ್ ತನ್ನ ಗ್ಯಾಸ್ ಎಂಜಿನ್ನಿಗೆ ಇಂಥ ಕಾಯಿಲಿನ ಕಿಡಿಯನ್ನೇ ಕೊಟ್ಟ. 1902ರಲ್ಲಿ ಬಾಷ್ ಕಂಪನಿಯ ಗಾಟ್ಲೋಬ್ ಹೊನೋಲ್ಡ್ ಹೈ ವೋಲ್ಟೇಜ್ ಮ್ಯಾಗ್ನೆಟೋ ಮತ್ತು ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ ರೂಪಿಸಿದ. ಅಮೆರಿಕದ ಓಹಾಯೊ ರಾಜ್ಯದ ರೈತ ಕುಟುಂಬದಿಂದ ಬಂದ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿ, ಪಾಯಿಂಟು, ಕಂಡೆನ್ಸರು, ಕಾಯಿಲು ಸೇರಿದ ವ್ಯವಸ್ಥೆಯನ್ನು ಪಕ್ಕಾ ಮಾಡಿದ. 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂತು. ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಲೋಕದ ಬಹುಪಾಲು ಕಾರುಗಳು, ಎಷ್ಟೋ ಬೈಕುಗಳು ಓಡಿದ್ದು ಅದೇ ಲೆಕ್ಕದ ಮೇಲೆ.

ಅದು ನಮ್ಮ ಹಳ್ಳಿಗಳಿಗೆ ಬಂದದ್ದು ಮೈಸೂರಿನ ದಾರಿಯಲ್ಲಿ. ಇರಾನಿ ಕುಟುಂಬದವರು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿ 1961ರಲ್ಲಿ ಶುರುವಾಯಿತು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ವಿನ್ಯಾಸದ 250 ಸಿಸಿ ಟೂ ಸ್ಟ್ರೋಕ್ ಗಾಡಿ ಅಲ್ಲಿ ತಯಾರಾಯಿತು. 1970ರ ದಶಕದಲ್ಲಿ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು. ಇತ್ತ ಬೆಂಗಳೂರಿನಲ್ಲಿ 1951ರಲ್ಲಿ ಹುಟ್ಟಿದ ಮೈಕೋ ಕಂಪನಿ ಬಾಷ್ ಸಹಯೋಗದಲ್ಲಿ ಸ್ಪಾರ್ಕ್ ಪ್ಲಗ್ ಮಾಡುತ್ತಿತ್ತು. ನಮ್ಮ ಕಡೆ ಹಳಬರು ಈಗಲೂ "ಒಂದು ಮೈಕೋ ಪ್ಲಗ್ ಕೊಡಿ" ಅಂತಲೇ ಅಂಗಡಿಯಲ್ಲಿ ಕೇಳುತ್ತಾರೆ. ಗಾಡಿಯೂ ಪ್ಲಗ್ಗೂ ಎರಡೂ ಈ ರಾಜ್ಯದ ಕಾರ್ಮಿಕರ ಕೈಯಿಂದ ಬಂದವು.

ಆ ಗಾಡಿಗಳನ್ನು ಬಿಚ್ಚಿ ನೋಡಬಹುದಿತ್ತು, ಅದೇ ದೊಡ್ಡ ಅನುಕೂಲ. ಎಂಜಿನ್ನಿನ ಬಲಬದಿಯ ಮುಚ್ಚಳ ತೆಗೆದರೆ ಡೈನಮೋ, ಪಾಯಿಂಟು ಕಣ್ಣೆದುರಿಗೇ. ಪಾಯಿಂಟು ಕೂಡಿದ್ದಾಗ ಬ್ಯಾಟರಿಯ ಕರೆಂಟು ಕಾಯಿಲಿನ ದಪ್ಪ ಸುತ್ತಿನಲ್ಲಿ ಹರಿಯುತ್ತದೆ. ಪಾಯಿಂಟು ತೆರೆದ ಗಳಿಗೆಯಲ್ಲಿ ತೆಳು ಸುತ್ತಿನಿಂದ ಹತ್ತು ಸಾವಿರ ವೋಲ್ಟಿಗೂ ಮಿಕ್ಕಿದ ಹೊಡೆತ ಪ್ಲಗ್ಗಿಗೆ ಹೋಗುತ್ತದೆ. ಹನ್ನೆರಡು ವೋಲ್ಟಿನ ಕಾಯಿಲಿನ ದಪ್ಪ ಸುತ್ತಿಗೆ ರೆಸಿಸ್ಟೆನ್ಸ್ ಹೆಚ್ಚು. ಆರು ವೋಲ್ಟಿನ ಬ್ಯಾಟರಿ ಕೊಟ್ಟರೆ ಅದರಲ್ಲಿ ಸಾಕಷ್ಟು ಕರೆಂಟು ಹರಿಯುವುದಿಲ್ಲ, ಕಿಡಿ ಸೊರಗುತ್ತದೆ. ಅದಲುಬದಲು ಮಾಡಿ ಆರರ ಕಾಯಿಲಿಗೆ ಹನ್ನೆರಡು ಕೊಟ್ಟರೆ ಕಾಯಿಲು ಕಾದು ಕೆಡುತ್ತದೆ, ಪಾಯಿಂಟೂ ಸುಡುತ್ತದೆ. ನನ್ನ ಹೊಸ ಕಾಯಿಲಿನ ಗುಟ್ಟು ಇಷ್ಟೇ.

ಟೇಪಿನ ಕಥೆಯೂ ಹಾಗೆಯೇ. ಮನೆಯ ವೈರಿಗೆ ಸುತ್ತುವ ಟೇಪು ಇಷ್ಟು ವೋಲ್ಟೇಜನ್ನು ತಡೆಯುವುದಿಲ್ಲ. ಮಾವ ಶೆಟರ್ ಎಳೆದು ಕತ್ತಲೆ ಮಾಡಿ ಕಿಕ್ ಹೊಡೆಯಲು ಹೇಳಿದರು. ಟೇಪಿನ ಸಂದಿನಿಂದ ಎಂಜಿನ್ನಿನ ಕಡೆಗೆ ನೀಲಿ ಕಿಡಿ ಚಟಚಟ ಹಾರುವುದು ಕಂಡಿತು. "ಪ್ಲಗ್ಗಿಗೆ ಹೋಗ್ಬೇಕಾದ್ದು ದಾರೀಲೇ ಸೋರೋಗ್ತಾ ಅದೆ" ಅಂದರು.

ಹಳೇ ಕಾಯಿಲನ್ನೇ ಮತ್ತೆ ಕೂರಿಸಿದರು. ಅದರಲ್ಲಿ ದೋಷವೇ ಇರಲಿಲ್ಲ. ಕಾಯಿಲು ಕೆಡುತ್ತಿದ್ದರೆ ಸಾಮಾನ್ಯವಾಗಿ ಗಾಡಿ ತಣ್ಣಗಿದ್ದಾಗ ಓಡಿ, ಬಿಸಿಯಾದ ಮೇಲೆ ನಿಂತು, ಆರಿದ ಮೇಲೆ ಮತ್ತೆ ಹೊತ್ತಿಕೊಳ್ಳುತ್ತದೆ. ಕಂಡೆನ್ಸರ್ ಕೆಟ್ಟರೂ ಇದೇ ಲಕ್ಷಣ ಕಾಣಬಹುದು, ಹಾಗಾಗಿ ಅಗ್ಗದ ಕಂಡೆನ್ಸರ್ ಮೊದಲು ಬದಲಿಸಿ ನೋಡುವುದು ಅವರ ಪದ್ಧತಿ. ಕಡಿದ ವೈರು ಬಿಸಾಡಿ, ತಾಮ್ರದ ಎಳೆಯಿರುವ ಹೊಸ ಪ್ಲಗ್ ವೈರು ಅಳೆದು ಕತ್ತರಿಸಿದರು. ಒಂದು ತುದಿ ಕಾಯಿಲಿಗೆ, ಇನ್ನೊಂದು ತುದಿ ಪ್ಲಗ್ ಕ್ಯಾಪಿನ ಸ್ಕ್ರೂಗೆ ಬಿಗಿಯಾಯಿತು. ಪಾಯಿಂಟನ್ನು ಉಪ್ಪುಕಾಗದದಲ್ಲಿ ಉಜ್ಜಿ, ಒರೆಸಿ, ಸಂದನ್ನು ಸುಮಾರು 0.4 ಮಿಲಿಮೀಟರಿಗೆ ಇಟ್ಟರು. ಪ್ಲಗ್ಗನ್ನು ಹೆಡ್ಡಿಗೆ ತಾಗಿಸಿಯೇ ಕಿಕ್ ಹೊಡೆಸಿದರು. ವೈರನ್ನು ಗಾಳಿಯಲ್ಲಿ ಬಿಟ್ಟು ಹೊಡೆದರೆ ಕಿಡಿಗೆ ದಾರಿ ಸಿಗದೆ ಕಾಯಿಲಿನ ಒಳಗಿನ ಇನ್ಸುಲೇಷನ್ನೇ ತೂತಾಗಬಹುದು. ಫ್ಯಾರಡೆಯ ಹೆಸರು ಅವರು ಕೇಳಿಲ್ಲ. ಆದರೆ ಫ್ಯಾರಡೆಯ ನಿಯಮ ಅವರ ಬೆರಳಿನಲ್ಲಿದೆ.

1980ರ ದಶಕದ ಮಧ್ಯದಲ್ಲಿ ಜಪಾನಿ ಸಹಯೋಗದ 100 ಸಿಸಿ ಗಾಡಿಗಳು ಬಂದವು. ಯಮಹಾ ಆರ್‌ಎಕ್ಸ್ 100ರಲ್ಲಿ ಪಾಯಿಂಟಿನ ಬದಲು ಸಿಡಿಐ ಎಂಬ ಎಲೆಕ್ಟ್ರಾನಿಕ್ ಡಬ್ಬಿ ಇತ್ತು. ಇದನ್ನು ಬೈಯುವಂತಿಲ್ಲ. ಪಾಯಿಂಟು ಉಜ್ಜುವ ಕೆಲಸ ತಪ್ಪಿತು, ಬೆಳಗಿನ ಜಾವ ಹಾಲು ಹಾಕಲು ಹೊರಟವನ ಗಾಡಿ ಮಳೆಯಲ್ಲೂ ಸಲೀಸಾಗಿ ಹೊತ್ತಿಕೊಂಡಿತು. ಆದರೆ ಡಬ್ಬಿ ಕೆಟ್ಟರೆ ರಿಪೇರಿ ಇಲ್ಲ, ಬದಲಿಸುವುದೊಂದೇ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಫ್ಯುಯೆಲ್ ಇಂಜೆಕ್ಷನ್ ಮಾಮೂಲಾಯಿತು. ಕಿಡಿ ಯಾವಾಗ ಹಾರಬೇಕೆಂದು ಈಗ ಕಂಪ್ಯೂಟರ್ ಹೇಳುತ್ತದೆ. 2022ರಲ್ಲಿ ಯೆಜ್ಡಿ ಹೆಸರು ಮರಳಿ ಬಂತು. ಆದರೆ ಆ ಗಾಡಿ ತಯಾರಾಗುವುದು ಮಧ್ಯಪ್ರದೇಶದ ಪೀಥಮ್‌ಪುರದಲ್ಲಿ.

ಹೊಗೆ ಕಡಿಮೆಯಾಗಿದ್ದು ಒಳ್ಳೆಯದೇ. ಕಳೆದುಹೋಗುತ್ತಿರುವುದು ಬೇರೆ. ಮುಂಚೆ ಗಾಡಿ ಕೆಟ್ಟರೆ ಏಕೆ ಕೆಟ್ಟಿತು ಎಂದು ತಾಲ್ಲೂಕಿನ ಒಬ್ಬ ಮನುಷ್ಯ ಹೇಳಬಲ್ಲವನಾಗಿದ್ದ. ಈಗ ಆ ಉತ್ತರ ಸ್ಕ್ಯಾನರಿನಲ್ಲಿದೆ, ಸ್ಕ್ಯಾನರು ಶೋರೂಮಿನಲ್ಲಿದೆ, ಶೋರೂಮು ಜಿಲ್ಲಾ ಕೇಂದ್ರದಲ್ಲಿದೆ. ಮಾವನ ಹತ್ತಿರ ಕೆಲಸಕ್ಕಿದ್ದ ಹುಡುಗ ಎರಡು ವರ್ಷದ ಹಿಂದೆಯೇ ಬೆಂಗಳೂರಿಗೆ ಹೋದ. ಅವನ ಜಾಗಕ್ಕೆ ಯಾರೂ ಬಂದಿಲ್ಲ.

ಮೂರನೇ ಕಿಕ್ಕಿಗೆ ಗಾಡಿ ಹೊತ್ತಿಕೊಂಡಿತು. ಮಾವ ಉಳಿದ ಎರಡಡಿ ವೈರನ್ನು ಸುತ್ತಿ ನನ್ನ ಬ್ಯಾಗಿಗೆ ಹಾಕಿದರು. "ಇಟ್ಕೊ. ಮುಂದಿನ ಸಲ ನೀನೇ ಹಾಕ್ಕೊಬೇಕು, ನಾನಿರ್ತೀನೋ ಇಲ್ವೋ."

ಗುಜರಿಯವನಿಗೆ ಫೋನ್ ಮಾಡಿ ಗಾಡಿ ಕೊಡುವುದಿಲ್ಲ ಎಂದೆ. ಮುಂದಿನ ಭಾನುವಾರ ಮಾವನ ಶೆಡ್ಡಿಗೆ ನೋಟ್‌ಬುಕ್ ಹಿಡಿದು ಹೋದೆ. ಪಾಯಿಂಟು ಸೆಟ್ ಮಾಡುವುದರಿಂದ ಶುರು ಮಾಡಿದ್ದೇವೆ.